ಹಳೇ ಲಾರಿಯ ಗೇರ್ ಕರ್ರ್ ಅಂದರೆ: ಬಾಕ್ಸ್ ಇಳಿಸುವ ಮೊದಲು, ಇಳಿಸಿದ ಮೇಲೆ

ಹಳೇ ಲಾರಿಯಲ್ಲಿ ಗೇರ್ ಹಾಕುವಾಗ ಕರ್ರ್ ಅಂತ ಸದ್ದು ಬಂದರೆ ಗೇರ್ ಬಾಕ್ಸೇ ಹೋಯಿತು ಅಂತ ತಿಳಿಯುವವರು ಜಾಸ್ತಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೇಳಿದರೂ "ಬಾಕ್ಸ್ ಇಳಿಸಿ ನೋಡ್ಬೇಕಣ್ಣ" ಅನ್ನುವ ಉತ್ತರ ಬೇಗ ಸಿಗುತ್ತದೆ. ನನ್ನ ಪ್ರಕಾರ ಇಳಿಸುವುದು ಕೊನೆಯ ಕೆಲಸ. ಸದ್ದು ಬರುವುದು ಬಾಕ್ಸಿನಿಂದಲೇ, ನಿಜ. ಆದರೆ ಅದಕ್ಕೆ ಕಾರಣ ಬಹಳ ಸಲ ಕ್ಲಚ್ಚಿನಲ್ಲಿ ಇರುತ್ತದೆ, ಕೆಲವು ಸಲ ಎಣ್ಣೆಯಲ್ಲಿ, ಇನ್ನು ಕೆಲವು ಸಲ ಡ್ರೈವರ್ ಕಾಲಿನಲ್ಲಿ. ಖರ್ಚಿಲ್ಲದ ಕಡೆಯಿಂದ ಶುರು ಮಾಡಿ, ಖರ್ಚಿನ ಕಡೆಗೆ ಹೋಗೋಣ.

ಇಲ್ಲಿ ಮನಸ್ಸಿನಲ್ಲಿರುವುದು ಹಳೆಯ ಟಾಟಾ ಮರ್ಸಿಡಿಸ್ ಬೆಂಝ್, ಲೇಲ್ಯಾಂಡ್ ಕಾಮೆಟ್, ಹಿಂದೂಸ್ತಾನ್ ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೊ ಥರದ ಗಾಡಿಗಳು. ಟಾಟಾ ಮತ್ತು ಡೈಮ್ಲರ್ ಬೆಂಝ್ ಒಪ್ಪಂದ 1954ರಿಂದ 1969ರವರೆಗೆ ಇತ್ತು. ನಿಮ್ಮ ಲಾರಿಯ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇನ್ನೂ ಉಳಿದಿದ್ದರೆ ಅದು ಆ ಕಾಲದ್ದು. ಮುಂದೆ ಕೊಡುವ ಅಳತೆಗಳು ಸಾಮಾನ್ಯ ಅಳತೆಗಳು. ನಿಮ್ಮ ಮಾಡೆಲ್ಲಿನ ಮ್ಯಾನುವಲ್ ಸಿಕ್ಕರೆ ಅದರ ಅಂಕಿಯೇ ಕೊನೆಯ ಮಾತು.

ಸದ್ದು ಯಾಕೆ ಬರುತ್ತದೆ

ಗೇರ್ ಬಾಕ್ಸಿನಲ್ಲಿ ಒಂದು ಕಡೆ ಎಂಜಿನ್ ತಿರುಗಿಸುವ ಶಾಫ್ಟ್ ಇದೆ, ಇನ್ನೊಂದು ಕಡೆ ಚಕ್ರಕ್ಕೆ ಸೇರಿದ ಶಾಫ್ಟ್ ಇದೆ. ಎರಡರ ವೇಗ ಬೇರೆ ಬೇರೆ. ವೇಗ ಹೊಂದಿಕೊಳ್ಳುವ ಮೊದಲೇ ಹಲ್ಲಿಗೆ ಹಲ್ಲು ಕೂರಿಸಲು ಹೋದರೆ ಒಂದರ ತುದಿ ಇನ್ನೊಂದರ ತುದಿಯನ್ನು ಕೆರೆಯುತ್ತದೆ. ಆ ಕೆರೆತವೇ ಈ ಕರ್ರ್.

ವೇಗ ಹೊಂದಿಸುವ ಕೆಲಸವನ್ನು ಈಗಿನ ಗಾಡಿಗಳಲ್ಲಿ ಸಿಂಕ್ರೊ ರಿಂಗ್ ಮಾಡುತ್ತದೆ. ಗೇರಿನ ಪಕ್ಕದಲ್ಲಿ ಶಂಕುವಿನ ಆಕಾರದ ಒಂದು ಮುಖ, ಅದರ ಮೇಲೆ ಒತ್ತಿ ಹಿಡಿಯುವ ಹಿತ್ತಾಳೆ ರಿಂಗ್. ಹಲ್ಲು ಸೇರುವ ಮೊದಲು ರಿಂಗ್ ಉಜ್ಜಿ ಎರಡರ ವೇಗವನ್ನು ಒಂದು ಮಾಡುತ್ತದೆ. ಇದು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂತು. ಲಾರಿಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಹಾಗಾಗಿ ಹಳೇ ಲಾರಿಯ ಬಾಕ್ಸ್ ಮೂರು ಥರದಲ್ಲಿ ಒಂದಾಗಿರಬಹುದು. ಗೇರೇ ಶಾಫ್ಟಿನ ಮೇಲೆ ಜಾರಿ ಬಂದು ಕಚ್ಚುವ ಸ್ಲೈಡಿಂಗ್ ಮೆಶ್. ಗೇರ್‌ಗಳು ಸದಾ ಕೂಡಿಕೊಂಡೇ ಇದ್ದು, ಗೇರನ್ನು ಶಾಫ್ಟಿಗೆ ಬಿಗಿಯುವ ಪಕ್ಕದ ಡಾಗ್ ಹಲ್ಲು ಮಾತ್ರ ಸೇರುವ ಕಾನ್‌ಸ್ಟಂಟ್ ಮೆಶ್. ಇಲ್ಲವೇ ಮೇಲಿನ ಗೇರ್‌ಗಳಿಗೆ ಮಾತ್ರ ಸಿಂಕ್ರೊ ಇರುವ ಮಿಶ್ರ ಬಾಕ್ಸ್. ಫಸ್ಟ್ ಮತ್ತು ರಿವರ್ಸ್‌ಗೆ ಸಿಂಕ್ರೊ ಇಲ್ಲದಿರುವುದು ಹಳೇ ಗಾಡಿಗಳಲ್ಲಿ ಮಾಮೂಲು.

ನಿಮ್ಮದು ಇದರಲ್ಲಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಸಿಂಕ್ರೊ ಇಲ್ಲದ ಬಾಕ್ಸಿಗೆ "ಸಿಂಕ್ರೊ ಹೋಗಿದೆ" ಅಂತ ಬಿಲ್ಲು ಬರೆಸಿಕೊಂಡು ಬರುವವರೂ ಇದ್ದಾರೆ.

ಗ್ಯಾರೇಜಿಗೆ ಹೋಗುವ ಮೊದಲು ಮನೆ ಮುಂದೆಯೇ ಮಾಡುವ ಪರೀಕ್ಷೆ

ಸಮತಟ್ಟು ಜಾಗ ನೋಡಿ. ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು.

ಎಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಗಾಡಿಯನ್ನು ಸ್ವಲ್ಪ ಅಲುಗಾಡಿಸಬೇಕಾಗಬಹುದು, ಅದು ದೋಷವಲ್ಲ. ಆದರೆ ಲಿವರ್ ಎಲ್ಲೋ ತಡೆಯುತ್ತಿದೆ, ಎರಡು ಗೇರ್ ನಡುವೆ ಸಿಕ್ಕಿಕೊಳ್ಳುತ್ತಿದೆ ಅನ್ನಿಸಿದರೆ ದೋಷ ಲಿವರ್ ಅಥವಾ ಗೇರನ್ನು ಸರಿಸುವ ಸೆಲೆಕ್ಟರ್ ರಾಡ್, ಫೋರ್ಕಿನ ಕಡೆ ಇದೆ.

ಎರಡನೇ ಪರೀಕ್ಷೆ ಬಹಳ ಮುಖ್ಯ. ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಬಿಡಿ. ಗೇರ್ ನ್ಯೂಟ್ರಲ್. ಕ್ಲಚ್ ಪೆಡಲ್ ಪೂರ್ತಿ ಒತ್ತಿ, ನಿಧಾನವಾಗಿ ಹತ್ತು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಕ್ಲಚ್ ಎಂಜಿನ್ನಿನ ಹಿಡಿತವನ್ನು ಸರಿಯಾಗಿ ಬಿಟ್ಟಿದ್ದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಬಿಡುತ್ತಿಲ್ಲ. ಅಂದರೆ ನೀವು ಪೆಡಲ್ ಒತ್ತಿದರೂ ಎಂಜಿನ್ ಒಳಗಿನ ಶಾಫ್ಟನ್ನು ತಿರುಗಿಸುತ್ತಲೇ ಇದೆ. ಇಂಥ ಗಾಡಿಯ ಬಾಕ್ಸ್ ಬಿಚ್ಚಿ ಹೊಸ ಗೇರ್ ಹಾಕಿಸಿದರೂ ಸದ್ದು ಹೋಗುವುದಿಲ್ಲ, ಹೊಸ ಹಲ್ಲೂ ಸವೆಯುತ್ತದೆ.

ಕಾಯದೆ ತಕ್ಷಣ ಹಾಕಿದರೆ ಮಾತ್ರ ಸದ್ದು, ಕಾದರೆ ಇಲ್ಲ ಅಂತಾದರೆ ಸುಮ್ನೆ ಚಿಂತೆ ಬೇಡ. ಸಿಂಕ್ರೊ ಇಲ್ಲದ ರಿವರ್ಸ್ ಇರುವುದೇ ಹಾಗೆ. ಮೇಲಿನ ಗೇರ್‌ಗೆ ಸಿಂಕ್ರೊ ಇದ್ದರೆ ಒಂದು ಉಪಾಯವಿದೆ. ಕ್ಲಚ್ ಒತ್ತಿಕೊಂಡೇ ಮೊದಲು ಆ ಗೇರಿಗೆ ಹಾಕಿ, ಅಲ್ಲಿಂದ ರಿವರ್ಸ್‌ಗೆ ಬನ್ನಿ. ಶಾಫ್ಟ್ ಆಗಲೇ ನಿಂತಿರುತ್ತದೆ.

ಐಡಲ್ ವೇಗವನ್ನೂ ಗಮನಿಸಿ. ಎಂಜಿನ್ ಆಫ್ ಆಗುತ್ತದೆ ಅಂತ ಯಾರೋ ಐಡಲ್ ಏರಿಸಿಟ್ಟಿರುತ್ತಾರೆ. ಶಾಫ್ಟ್ ಜೋರಾಗಿ ತಿರುಗುತ್ತಿರುವಾಗ ಫಸ್ಟ್ ಹಾಕಿದರೆ ಒಳ್ಳೆಯ ಬಾಕ್ಸೂ ಕೂಗುತ್ತದೆ.

ಈಗ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ನಿಂತ ಗಾಡಿಯಲ್ಲಿ ಫಸ್ಟ್, ರಿವರ್ಸ್ ಎರಡೂ ಕೂಗಿ, ಓಡುವಾಗಲೂ ಎಲ್ಲ ಗೇರ್ ಬಿಗಿಯಾಗಿದ್ದರೆ ಕ್ಲಚ್. ಉಳಿದದ್ದೆಲ್ಲ ಚೆನ್ನಾಗಿದ್ದು ಯಾವುದೋ ಒಂದು ಗೇರ್ ಮಾತ್ರ, ಅದರಲ್ಲೂ ಇಳಿಸುವಾಗ ಕೂಗಿದರೆ ಆ ಗೇರಿನ ಸಿಂಕ್ರೊ ಅಥವಾ ಡಾಗ್ ಹಲ್ಲು. ಹಾಕಿದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಅದು ಬೇರೆ ರೋಗ: ರಾಡಿನ ಬಾಲ್ ಸ್ಪ್ರಿಂಗ್ ಸೋತಿರಬಹುದು, ಡಾಗ್ ಹಲ್ಲು ಓರೆಯಾಗಿ ಸವೆದಿರಬಹುದು, ಬಾಕ್ಸಿನ ಬೋಲ್ಟೇ ಸಡಿಲವಾಗಿರಬಹುದು.

ಗೇರ್ ಬದಲಿಸುವಾಗ ಅಲ್ಲದೆ ಸದಾ ಬರುವ ಗುಂಯ್ ಸದ್ದನ್ನು ಇದರ ಜೊತೆ ಬೆರೆಸಬೇಡಿ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದಾಗ ನಿಂತರೆ ಬಾಕ್ಸಿನ ಮುಂದಿನ ಬೇರಿಂಗ್ ಅಥವಾ ಲೇ ಶಾಫ್ಟ್ ಬೇರಿಂಗ್. ಪೆಡಲ್ ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಅಥವಾ ಫ್ಲೈವೀಲಿನ (ಎಂಜಿನ್ನಿನ ಹಿಂದಿನ ಭಾರದ ಚಕ್ರದ) ನಡುವಿನ ಪೈಲಟ್ ಬೇರಿಂಗ್.

ಡಬಲ್ ಕ್ಲಚ್

ಒಂದು ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತುವುದೇ ಡಬಲ್ ಕ್ಲಚ್. ಹಳೇ ಡ್ರೈವರ್‌ಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪವರ್ ಸ್ಟೀರಿಂಗ್ ಲಾರಿಯಲ್ಲಿ ಕಲಿತು, ಈಗ ಶೋಕಿಗೆ ಹಳೇ ಗಾಡಿ ಕೊಂಡವರಿಗೆ ಬೇಕಾಗುತ್ತದೆ.

ಗೇರ್ ಏರಿಸುವಾಗ: ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಪೆಡಲ್ ಬಿಡಿ. ಎಂಜಿನ್ ವೇಗ ಇಳಿಯಲು ಒಂದು ಕ್ಷಣ ಬಿಟ್ಟು ಮತ್ತೆ ಕ್ಲಚ್ ಒತ್ತಿ ಮೇಲಿನ ಗೇರ್ ಹಾಕಿ. ಇಳಿಸುವಾಗ: ಕ್ಲಚ್, ನ್ಯೂಟ್ರಲ್, ಪೆಡಲ್ ಬಿಟ್ಟು ಆಕ್ಸಿಲರೇಟರನ್ನು ಒಂದು ಸಲ ಒತ್ತಿ ಎಂಜಿನ್ ವೇಗ ಏರಿಸಿ, ತಕ್ಷಣ ಕ್ಲಚ್ ಒತ್ತಿ ಕೆಳಗಿನ ಗೇರ್. ಇಳಿಸುವಾಗ ಶಾಫ್ಟ್ ಇನ್ನೂ ಜೋರಾಗಿ ತಿರುಗಬೇಕು, ಏರಿಸುವಾಗ ನಿಧಾನವಾಗಬೇಕು. ಇಷ್ಟು ಅರ್ಥವಾದರೆ ಕಾಲು ತಾನೇ ಕಲಿಯುತ್ತದೆ.

ನಡುವೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಡುವುದು ಯಾಕೆ ಅಂತ ಕೇಳುವವರಿದ್ದಾರೆ. ಪೆಡಲ್ ಬಿಟ್ಟಾಗ ಮಾತ್ರ ಬಾಕ್ಸಿನ ಒಳಗಿನ ಶಾಫ್ಟ್ ಎಂಜಿನ್ ಜೊತೆ ಸೇರುತ್ತದೆ. ಒತ್ತಿ ಹಿಡಿದುಕೊಂಡೇ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಶಾಫ್ಟಿಗೆ ಅದು ತಲುಪುವುದಿಲ್ಲ.

ಸಿಂಕ್ರೊ ಇರುವ ಬಾಕ್ಸಿನಲ್ಲೂ ಇದು ಪರೀಕ್ಷೆಗೆ ಬರುತ್ತದೆ. ಕ್ಲಚ್ ಸರಿಯಿದೆ ಅಂತ ಮೊದಲೇ ಖಾತ್ರಿಯಾಗಿದ್ದು, ಕೂಗುವ ಗೇರ್ ಡಬಲ್ ಕ್ಲಚ್ಚಿನಲ್ಲಿ ಸುಮ್ಮನಾದರೆ ಆ ಸಿಂಕ್ರೊ ರಿಂಗ್ ಮುಗಿದಿದೆ.

ಕ್ಲಚ್ಚನ್ನು ಹೊರಗಿನಿಂದಲೇ ಸರಿಮಾಡುವುದು

ಪೆಡಲಿನ ಫ್ರೀ ಪ್ಲೇ ಮೊದಲು. ಬೆರಳಿನಿಂದ ಪೆಡಲ್ ಒತ್ತುತ್ತಾ ಹೋಗಿ. ಬಿಗಿ ಸಿಗುವ ತನಕ ಸುಮ್ಮನೆ ಇಳಿಯುವ ದೂರವನ್ನು ಸ್ಕೇಲಿನಲ್ಲಿ ಅಳೆಯಿರಿ. ಬಹಳ ಲಾರಿಗಳಲ್ಲಿ ಇದು ಸುಮಾರು 25ರಿಂದ 40 ಮಿ.ಮೀ. ಇದು ಜಾಸ್ತಿಯಾದರೆ ಪೆಡಲಿನ ಅರ್ಧ ದಾರಿ ವ್ಯರ್ಥವಾಗಿ ಕ್ಲಚ್ ಪೂರ್ತಿ ಬಿಡುವುದಿಲ್ಲ. ಫ್ರೀ ಪ್ಲೇ ಇಲ್ಲವೇ ಇಲ್ಲ ಅಂದರೆ ಕ್ಲಚ್ ಜಾರುತ್ತದೆ, ರಿಲೀಸ್ ಬೇರಿಂಗ್ ಸದಾ ತಿರುಗಿ ಸುಡುತ್ತದೆ. ಪೆಡಲಿನಿಂದ ಬರುವ ಕ್ಲಚ್ ರಾಡಿನ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಹೊಂದಿಕೊಳ್ಳುತ್ತದೆ. ಎರಡು ಸ್ಪ್ಯಾನರ್ ಸಾಕು.

ಎಷ್ಟು ಹೊಂದಿಸಿದರೂ ನಿಲ್ಲದಿದ್ದರೆ ರಾಡುಗಳ ಪಿನ್ನುಗಳನ್ನು ನೋಡಿ. ಹೆಚ್ಚಿನವರು ಇದನ್ನು ಬಿಟ್ಟೇ ಬಿಡುತ್ತಾರೆ. ದಶಕಗಟ್ಟಲೆ ಓಡಿದ ಲಾರಿಯಲ್ಲಿ ಪಿನ್ ಸವೆದು ಸಣ್ಣಗಾಗಿರುತ್ತದೆ, ಅದರ ತೂತು ಮೊಟ್ಟೆಯಾಕಾರ ಆಗಿರುತ್ತದೆ. ಪೆಡಲಿನಿಂದ ಕ್ಲಚ್ ಫೋರ್ಕಿನವರೆಗೆ ಪ್ರತಿ ಪಿನ್ನಿನಲ್ಲೂ ಸ್ವಲ್ಪ ಸ್ವಲ್ಪ ಕಳೆದರೂ ಒಟ್ಟು ಸೇರಿದಾಗ ದೊಡ್ಡ ನಷ್ಟ. ಸಹಾಯಕ್ಕೆ ಒಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ನೀವು ಕೆಳಗೆ ಮಲಗಿ ನೋಡಿದರೆ ಯಾವ ಪಿನ್ ಆಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಎಂಜಿನ್ ಆಫ್ ಇರಲಿ. ತೂತನ್ನು ರೀಮರ್ ಹಾಕಿ ದುಂಡಗೆ ಮಾಡಿ, ಅದಕ್ಕೆ ತಕ್ಕ ದಪ್ಪದ ಪಿನ್ ಲೇತಿನಲ್ಲಿ ಮಾಡಿಸಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದರು. ಇಂಥ ಸೀಮೆಯಲ್ಲಿ ಒಂದು ಪಿನ್ ಮಾಡಿಸಲು ಬೆಂಗಳೂರಿಗೆ ಹೋಗಬೇಕಾ?

ಹೈಡ್ರಾಲಿಕ್ ಕ್ಲಚ್ ಆದರೆ ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಎಣ್ಣೆ ಇದೆಯಾ, ಸ್ಲೇವ್ ಸಿಲಿಂಡರಿನ ರಬ್ಬರ್ ಒಳಗೆ ತೇವ ಇದೆಯಾ ನೋಡಿ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಚೆನ್ನಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬ್ಲೀಡ್ ಸ್ಕ್ರೂ ಬಿಚ್ಚಿ ಗಾಳಿ ಬಿಟ್ಟು, ಪೆಡಲ್ ಮೇಲೇಳುವ ಮೊದಲೇ ಬಿಗಿ ಮಾಡಬೇಕು. ಗುಳ್ಳೆ ನಿಲ್ಲುವ ತನಕ ಹೀಗೇ. ನಡುವೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಣ್ಣೆ ಹಾಕಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಮಳೆಗಾಲವೆಲ್ಲ ನಿಂತೇ ಇದ್ದ ಗಾಡಿಯಲ್ಲಿ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಪೆಡಲನ್ನು ಮರದ ತುಂಡಿನಿಂದ ಒತ್ತಿ ಕಟ್ಟಿ ರಾತ್ರಿ ಬಿಟ್ಟರೆ ಕೆಲವು ಸಲ ಬಿಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಬಯಲಿನಲ್ಲಿ, ಮುಂದೆ ಸಾಕಷ್ಟು ಜಾಗ ಇಟ್ಟುಕೊಂಡು, ಗೇರಿನಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿಕೊಂಡು ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಬೇಕು. ಸ್ಟಾರ್ಟರ್ ಒತ್ತಿದ ಕೂಡಲೇ ಲಾರಿ ಮುಂದಕ್ಕೆ ಹಾರುತ್ತದೆ. ಓಣಿಯಲ್ಲಿ ಇದನ್ನು ಮಾಡಲೇಬೇಡಿ.

ಎಣ್ಣೆ

ಗಾಡಿ ಓಡಿ ಬಾಕ್ಸ್ ಬೆಚ್ಚಗಿರುವಾಗ ಡ್ರೈನ್ ಪ್ಲಗ್ ಬಿಚ್ಚಿ. ಅದಕ್ಕೂ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯಾ ನೋಡಿಕೊಳ್ಳಿ. ಕೆಳಗಿನಿಂದ ಎಣ್ಣೆ ಎಲ್ಲ ಹೋದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ.

ಬಂದ ಎಣ್ಣೆಯನ್ನು ಸ್ವಚ್ಛ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿದ್ದರೆ ಅದು ವಯಸ್ಸಿನ ಸವೆತ, ಇರಲಿ. ಬೆರಳಿಗೆ ಸಿಗುವ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಕಂಡರೆ ಸಿಂಕ್ರೊ ರಿಂಗ್ ಅಥವಾ ಹಿತ್ತಾಳೆಯ ವಾಷರ್, ಬುಷ್ ಸವೆಯುತ್ತಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ಹೊಸ ಎಣ್ಣೆ ಯಾವುದು ಅನ್ನುವಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಗ್ಯಾರೇಜುಗಳಲ್ಲಿ "90 ನಂಬರ್" ಅಂತ ಕೇಳಿ, ಹಿಂದಿನ ಡಿಫರೆನ್ಷಿಯಲ್ಲಿಗೆ ಹಾಕುವ ಅದೇ ಕ್ಯಾನಿನಿಂದ ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸವಿದೆ. ನಂಬರ್ ಒಂದೇ ಇದ್ದರೂ ದರ್ಜೆ ಬೇರೆ. ಡಿಫರೆನ್ಷಿಯಲ್ಲಿಗೆ ಹಾಕುವ ಜಿಎಲ್-5 ಎಣ್ಣೆಯಲ್ಲಿ ಗಂಧಕ, ರಂಜಕದ ರಾಸಾಯನಿಕ ಜಾಸ್ತಿ. ಅದರಲ್ಲಿ ಹಲವು ಎಣ್ಣೆಗಳು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತವೆ. ಜೊತೆಗೆ ಜಾರು ಜಾಸ್ತಿಯಾಗಿ ಸಿಂಕ್ರೊ ರಿಂಗಿಗೆ ಹಿಡಿತ ಸಿಗುವುದಿಲ್ಲ. ಹಳೇ ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4 ದರ್ಜೆಯ 80ಡಬ್ಲ್ಯು-90 ಅಥವಾ 90 ಹೊಂದುತ್ತದೆ. ಕೆಲವು ಹಳೇ ಮ್ಯಾನುವಲ್‌ಗಳು ಎಂಜಿನ್ ಆಯಿಲನ್ನೇ ಹೇಳುತ್ತವೆ. ಅಂಥ ಕಡೆ 140ರಂಥ ದಪ್ಪ ಎಣ್ಣೆ ತುಂಬಿದರೆ ಬೆಳಗಿನ ಚಳಿಯಲ್ಲಿ ಗೇರ್ ಬೀಳುವುದೇ ಇಲ್ಲ. ಸದ್ದು ಮುಚ್ಚಲು ದಪ್ಪ ಎಣ್ಣೆ ಹಾಕಿ ಗಾಡಿ ಮಾರುವವರಿದ್ದಾರೆ, ಕೊಳ್ಳುವಾಗ ಹುಷಾರು.

ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ. ಬಾಕ್ಸಿನ ಮೇಲಿನ ಗಾಳಿ ತೂತನ್ನೂ ಬಿಡಿಸಿ. ದುರ್ಗದ (ಚಿತ್ರದುರ್ಗದ) ಗಣಿ ಕಡೆ ಅದಿರು ಹೊತ್ತ ಲಾರಿಗಳಲ್ಲಿ ಈ ತೂತು ಕೆಂಪು ಧೂಳಿನಿಂದ ಮುಚ್ಚಿರುತ್ತದೆ. ಆಗ ಬಿಸಿಯಾದ ಬಾಕ್ಸಿನ ಒತ್ತಡಕ್ಕೆ ಎಣ್ಣೆ ಸೀಲ್ ದಾಟಿ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೂ ಸದ್ದು ಹೋಗದಿದ್ದರೆ

ಈಗ ಬಾಕ್ಸ್ ಇಳಿಸಿ. ಇದು ಇಬ್ಬರು ಕೈಯಲ್ಲಿ ಹಿಡಿದು ಇಳಿಸುವ ವಸ್ತುವಲ್ಲ. ಚೈನ್ ಬ್ಲಾಕ್ ಅಥವಾ ಗೇರ್ ಬಾಕ್ಸ್ ಜಾಕ್ ಬೇಕೇ ಬೇಕು. ಗಾಡಿಯನ್ನು ಎತ್ತಿದ್ದರೆ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇನ್ನೊಂದು ವಿಷಯ: ಕೆಲವು ಹಳೇ ಲಾರಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಗೇರ್ ಬಾಕ್ಸಿನ ಹಿಂದೆ. ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕೂಡಲೇ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಚಕ್ರದ ಮರದ ತುಂಡು ತೆಗೆದಿಲ್ಲ ತಾನೇ?

ಬ್ಯಾಟರಿ ವೈರ್ ಬಿಚ್ಚಿ. ಎಣ್ಣೆ ಇಳಿಸಿ. ಪ್ರೊಪೆಲ್ಲರ್ ಶಾಫ್ಟಿನ ಎರಡು ಫ್ಲಾಂಜ್‌ಗಳ ಮೇಲೂ ಸೇರುವ ಹಾಗೆ ಪಂಚಿನಿಂದ ಗುರುತು ಹಾಕಿ, ಹಾಗೇ ಕೂರದಿದ್ದರೆ ಆಮೇಲೆ ಗಾಡಿ ನಡುಗುತ್ತದೆ. ಸ್ಪೀಡೋಮೀಟರ್ ಕೇಬಲ್, ಕ್ಲಚ್ ರಾಡ್, ಗೇರ್ ಲಿವರ್ ಬಿಚ್ಚಿ. ಎಂಜಿನ್ನಿನ ಹಿಂಭಾಗಕ್ಕೆ ಆಧಾರ ಕೊಡಿ. ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗೂಡಿನ) ಎರಡು ಬೋಲ್ಟ್ ತೆಗೆದು, ಅದೇ ಥ್ರೆಡ್ಡಿನ ಉದ್ದನೆಯ, ತಲೆ ಇಲ್ಲದ ಎರಡು ಸ್ಟಡ್ ಹಾಕಿ. ಬಾಕ್ಸ್ ಇವುಗಳ ಮೇಲೆ ನೇರವಾಗಿ ಹಿಂದಕ್ಕೆ ಜಾರುತ್ತದೆ. ಬಾಕ್ಸಿನ ತೂಕ ಒಂದು ಕ್ಷಣವೂ ಕ್ಲಚ್ ಪ್ಲೇಟಿನ ಮೇಲೆ ನೇತಾಡಬಾರದು, ಪ್ಲೇಟ್ ಬಾಗಿದರೆ ಮತ್ತೆ ಅದೇ ಕ್ಲಚ್ ಬಿಡದ ರೋಗ.

ಬೆಲ್ ಹೌಸಿಂಗಿನ ಧೂಳನ್ನು ಏರ್ ಪೈಪಿನಿಂದ ಊದಬೇಡಿ. ಹಳೇ ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ.

ಬಾಕ್ಸ್ ಬಿಚ್ಚುವ ಮೊದಲು ಕ್ಲಚ್ಚನ್ನೇ ನೋಡಿ. ಪ್ಲೇಟನ್ನು ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಗೀರುಗಳ) ಮೇಲೆ ಹಾಕಿ ಸರಿಸಿದರೆ ಬೆರಳಿನ ಒತ್ತಡಕ್ಕೇ ಜಾರಬೇಕು. ತುಕ್ಕು ಹಿಡಿದು ತಡೆದರೆ ಉಜ್ಜಿ ಸ್ವಚ್ಛ ಮಾಡಿ, ಗ್ರೀಸನ್ನು ತೆಳ್ಳಗೆ ಸವರಿ ಜಾಸ್ತಿಯಾದದ್ದನ್ನು ಒರೆಸಿ. ಪ್ಲೇಟ್ ಬಾಗಿದೆಯಾ ಅಂತ ಶಾಫ್ಟ್ ಮೇಲೆ ತಿರುಗಿಸಿ ನೋಡಿ. ರಿವೆಟ್ ತಲೆ ಮೇಲಕ್ಕೆ ಬಂದಿದ್ದರೆ, ಎಣ್ಣೆ ಕುಡಿದಿದ್ದರೆ ಹೊಸ ಲೈನಿಂಗ್. ಪ್ರೆಶರ್ ಪ್ಲೇಟಿನ ಫಿಂಗರ್‌ಗಳು ಒಂದೇ ಎತ್ತರದಲ್ಲಿ ಇರಬೇಕು. ಒಂದು ತಗ್ಗಿದರೆ ಪ್ಲೇಟ್ ಓರೆಯಾಗಿ ಎದ್ದು ಒಂದು ಬದಿ ಉಜ್ಜುತ್ತಲೇ ಇರುತ್ತದೆ. ಫ್ಲೈವೀಲಿನ ಮೇಲೆ ನೀಲಿ ಕಲೆ, ಸೀಳು ಇದೆಯಾ ನೋಡಿ.

ಪೈಲಟ್ ಬೇರಿಂಗ್ ಸಣ್ಣದು, ಆದರೆ ಈ ರೋಗದಲ್ಲಿ ಅದರ ಪಾತ್ರ ದೊಡ್ಡದು. ಅದು ಜಾಮ್ ಆದರೆ ಕ್ಲಚ್ ಎಷ್ಟು ಚೆನ್ನಾಗಿ ಬಿಟ್ಟರೂ ಫ್ಲೈವೀಲ್ ಶಾಫ್ಟಿನ ಮೂಗನ್ನು ಹಿಡಿದು ತಿರುಗಿಸುತ್ತದೆ. ಬೆರಳು ಹಾಕಿ ತಿರುಗಿಸಿ, ಗರಗರ ಅಂದರೆ ಬದಲಿಸಿ. ಹಿಂದೆ ಮುಚ್ಚಿದ ತೂತಿನಲ್ಲಿ ಬುಷ್ ಇದ್ದರೆ ತೆಗೆಯಲು ಸುಲಭ ದಾರಿ ಇದೆ. ತೂತಿನ ತುಂಬ ಗ್ರೀಸ್ ತುಂಬಿ, ತೂತಿಗೆ ಸರಿಯಾಗಿ ಕೂರುವ ಸರಳನ್ನು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಗ್ರೀಸಿನ ಒತ್ತಡಕ್ಕೆ ಬುಷ್ ತಾನೇ ಹೊರಗೆ ಬರುತ್ತದೆ. ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಬಾಕ್ಸಿನ ಒಳಗೆ

ನ್ಯೂಟ್ರಲ್‌ನಲ್ಲಿಟ್ಟು ಮೇಲಿನ ಕವರ್ ತೆಗೆಯಿರಿ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಹಳೇ ಫ್ಲೆಕ್ಸ್ ಮೇಲೆ ಜೋಡಿಸಿ. ವಾಷರ್ ಯಾವ ಮುಖ ಯಾವ ಕಡೆ ಇತ್ತು ಅನ್ನುವುದು ಎರಡು ದಿನ ಬಿಟ್ಟು ಯಾರಿಗೂ ನೆನಪಿರುವುದಿಲ್ಲ.

ಕೂಗುತ್ತಿದ್ದ ಗೇರಿನ ಡಾಗ್ ಹಲ್ಲುಗಳನ್ನು ಮೊದಲು ನೋಡಿ. ಸಿಂಕ್ರೊ ಬಾಕ್ಸಿನಲ್ಲಿ ತುದಿ ಚೂಪಾಗಿರಬೇಕು. ಕೆರೆದು ಕೆರೆದು ಮೊಂಡಾಗಿದ್ದರೆ ರಿಂಗ್ ಮಾತ್ರ ಬದಲಿಸಿ ಉಪಯೋಗವಿಲ್ಲ. ಸಣ್ಣ ಏಣು ಎದ್ದಿದ್ದರೆ ಎಣ್ಣೆ ಕಲ್ಲಿನಲ್ಲಿ ಉಜ್ಜಬಹುದು. ವೆಲ್ಡಿಂಗ್ ಹಾಕಿ ಹಲ್ಲು ಕಟ್ಟಿ ಅರದಲ್ಲಿ ಆಕಾರ ಕೊಡುವ ಕೆಲಸ ನಮ್ಮ ಕಡೆ ಇನ್ನೂ ನಡೆಯುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಗೇರಿನ ಗಟ್ಟಿತನ ಇರುವುದು ಮೇಲಿನ ತೆಳು ಪದರದಲ್ಲಿ, ವೆಲ್ಡಿಂಗಿನ ಕಾವಿಗೆ ಅದು ಹೋಗುತ್ತದೆ. ಮೆಕ್ಕೆಜೋಳ ತುಂಬಿಕೊಂಡು ಏರು ಹತ್ತುವಾಗ ಆ ಹಲ್ಲು ಕಿತ್ತು ಉಳಿದ ಗೇರ್‌ಗಳ ನಡುವೆ ಸಿಕ್ಕಿದರೆ ಬಾಕ್ಸ್ ಪೂರ್ತಿ ಹೋಗುತ್ತದೆ.

ಸಿಂಕ್ರೊ ರಿಂಗನ್ನು ಗೇರಿನ ಶಂಕುವಿನ ಮೇಲೆ ಕೈಯಿಂದ ಒತ್ತಿ ತಿರುಗಿಸಿ. ಹಿಡಿದುಕೊಳ್ಳಬೇಕು. ಜಾರಿದರೆ ಮುಗಿದಿದೆ. ಹಾಗೇ ಒತ್ತಿ ಹಿಡಿದು ರಿಂಗಿಗೂ ಗೇರಿನ ಹಲ್ಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಸುತ್ತಲೂ ಅಳೆಯಿರಿ. ಹೊಸ ರಿಂಗಿನಲ್ಲಿ ಇದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಅರ್ಧ ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸಿ. ರಿಂಗಿನ ಒಳಗಿನ ಸಣ್ಣ ಗೆರೆಗಳು ಎಣ್ಣೆಯನ್ನು ಕತ್ತರಿಸಿ ಹೊರಗೆ ತಳ್ಳಲು ಇರುವುದು, ಅವು ಸವೆದು ನುಣುಪಾದರೆ ಹಿಡಿತವಿಲ್ಲ.

ಸೆಲೆಕ್ಟರ್ ಫೋರ್ಕಿನ ತುದಿ ಒಂದೇ ಬದಿ ಸವೆದಿದ್ದರೆ ಫೋರ್ಕ್ ಬಾಗಿದೆ. ಸವೆದ ಫೋರ್ಕ್ ಗೇರನ್ನು ಪೂರ್ತಿ ತಳ್ಳುವುದಿಲ್ಲ, ಅರ್ಧ ಕಚ್ಚಿದ ಹಲ್ಲು ಬೇಗ ಹಾಳಾಗುತ್ತದೆ. ಬೇರಿಂಗ್‌ಗಳನ್ನು ಡೀಸೆಲಿನಲ್ಲಿ ತೊಳೆದು ಒಣಗಿಸಿ ನಿಧಾನವಾಗಿ ಕೈಯಲ್ಲಿ ತಿರುಗಿಸಿ ನೋಡಿ. ರಿಲೀಸ್ ಬೇರಿಂಗನ್ನು ಮಾತ್ರ ತೊಳೆಯಬೇಡಿ. ಸೀಲ್ ಮಾಡಿದ್ದಾದರೆ ಒಳಗಿನ ಗ್ರೀಸ್ ಹೋಗುತ್ತದೆ.

ಬಿಡಿಭಾಗಕ್ಕೆ ದಾವಣಗೆರೆಯಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ಹುಡುಕಬೇಕಾಗುತ್ತದೆ. ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಹಲ್ಲು ಎಣಿಸಿ ಹೋಲಿಸಿ. ಸದಾ ಕೂಡಿಕೊಂಡು ತಿರುಗುವ ಗೇರ್‌ಗಳನ್ನು ಜೋಡಿಯಾಗಿ ಬದಲಿಸಿದರೆ ಒಳ್ಳೆಯದು. ಸವೆದ ಗೇರಿನ ಜೊತೆ ಹೊಸದನ್ನು ಕೂರಿಸಿದರೆ ಹೊಸ ಗುಂಯ್ ಸದ್ದು ಶುರುವಾಗುತ್ತದೆ.

ಮತ್ತೆ ಜೋಡಿಸುವುದು

ಬಿಗಿ ಬೇರಿಂಗನ್ನು ಶಾಫ್ಟಿಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ, ಗ್ಯಾಸ್ ಟಾರ್ಚೂ ಬೇಡ. ಎಣ್ಣೆಯಲ್ಲಿ ಮುಳುಗಿಸಿ 80ರಿಂದ 100 ಡಿಗ್ರಿವರೆಗೆ ಕಾಯಿಸಿದರೆ ತಾನೇ ಜಾರಿ ಕೂರುತ್ತದೆ. ಮೆಣಸಿನಕಾಯಿ ಬಜ್ಜಿ ಕರಿಯುವ ಬಾಣಲೆಯ ಹಾಗೆ ಕಾದರೆ ಉಕ್ಕಿನ ಗಟ್ಟಿತನವೇ ಇಳಿಯುತ್ತದೆ. ಸೀಲ್ ಮಾಡಿದ ಬೇರಿಂಗಿಗೆ ಈ ಎಣ್ಣೆ ಸ್ನಾನ ಸಲ್ಲದು. ಹೊಸ ಸಿಂಕ್ರೊ ರಿಂಗನ್ನು ಗೇರ್ ಎಣ್ಣೆಯಲ್ಲಿ ನೆನೆಸಿಯೇ ಹಾಕಿ. ಸರ್ಕ್ಲಿಪ್, ಸೀಲ್, ಪ್ಯಾಕಿಂಗ್ ಎಲ್ಲ ಹೊಸದು. ಹಳೇದರಲ್ಲಿ ಉಳಿಸುವ ದುಡ್ಡಿಗೆ ಮತ್ತೊಮ್ಮೆ ಬಾಕ್ಸ್ ಇಳಿಸುವ ಕೂಲಿ ಹುಟ್ಟುವುದಿಲ್ಲ.

ಸೆಲೆಕ್ಟರ್ ರಾಡುಗಳ ನಡುವೆ ಸಣ್ಣ ಇಂಟರ್‌ಲಾಕ್ ಪಿನ್ನುಗಳು ಅಥವಾ ಗುಂಡುಗಳು ಇರುತ್ತವೆ. ಒಂದೇ ಸಲಕ್ಕೆ ಎರಡು ಗೇರ್ ಬೀಳದಂತೆ ತಡೆಯುವುದು ಅವೇ. ನೆಲಕ್ಕೆ ಬಿದ್ದು ಕಳೆದುಹೋಗುವುದೂ ಅವೇ. ಎಣಿಸಿ ಹಾಕಿ. ಕವರ್ ಮುಚ್ಚುವ ಮೊದಲು ಕೈಯಲ್ಲಿ ಎಲ್ಲ ಗೇರ್ ಹಾಕಿ ತೆಗೆದು, ಒಂದು ಗೇರಿನಲ್ಲಿರುವಾಗ ಇನ್ನೊಂದು ರಾಡ್ ಸರಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಕ್ಲಚ್ ಪ್ಲೇಟನ್ನು ನಡುವಿಗೆ ಹೊಂದಿಸಲು ಹಳೆಯ ಇನ್‌ಪುಟ್ ಶಾಫ್ಟ್ ಒಂದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಪ್ರೆಶರ್ ಪ್ಲೇಟಿನ ಬೋಲ್ಟನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬಾಕ್ಸ್ ಮುಂದಕ್ಕೆ ಕೂರದಿದ್ದರೆ ಬೋಲ್ಟ್ ಬಿಗಿ ಮಾಡಿ ಎಳೆಯಲು ಹೋಗಬೇಡಿ, ಹೌಸಿಂಗಿನ ಕಿವಿ ಒಡೆಯುತ್ತದೆ. ಟಾಪ್ ಗೇರಿಗೆ ಹಾಕಿ ಹಿಂದಿನ ಫ್ಲಾಂಜನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ ತಳ್ಳಿದರೆ ಸ್ಪ್ಲೈನ್ ಹೊಂದಿಕೊಂಡು ಒಳಗೆ ಹೋಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಗುರುತಿಗೆ ಗುರುತು ಸೇರಿಸಿ. ಎಣ್ಣೆ ತುಂಬಿ, ಫ್ರೀ ಪ್ಲೇ ಹೊಸದಾಗಿ ಹೊಂದಿಸಿ.

ಓಡಿಸಿ ನೋಡುವುದು

ಮೊದಲು ನಿಂತಲ್ಲೇ ಆ ಹತ್ತು ಎಣಿಸುವ ಪರೀಕ್ಷೆ. ಆಮೇಲೆ ಖಾಲಿ ಗಾಡಿಯಲ್ಲಿ ಸರ್ವಿಸ್ ರಸ್ತೆಯಲ್ಲಿ ಪ್ರತಿ ಗೇರನ್ನೂ ಏರಿಸಿ, ಇಳಿಸಿ ನೋಡಿ. ಅದು ಸರಿಯಾದರೆ ಸ್ವಲ್ಪ ಲೋಡ್ ಹಾಕಿಕೊಂಡು ಆನಗೋಡು, ಭರಮಸಾಗರ ದಾಟಿ ದುರ್ಗದ ಕಡೆ ಹೋಗಿ ಬನ್ನಿ. ದಾವಣಗೆರೆಗಿಂತ ದುರ್ಗ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಹೋಗುವಾಗ ಏರಿನಲ್ಲಿ ಗೇರ್ ಇಳಿಸುವ ಅವಕಾಶ ಸಿಗುತ್ತದೆ, ಬರುವಾಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ಜಿಗಿಯುತ್ತದೆಯಾ ಅಂತ ಗೊತ್ತಾಗುತ್ತದೆ.

ವಾಪಸ್ ಬಂದ ಮೇಲೆ ಬೆಲ್ ಹೌಸಿಂಗಿನ ಕೆಳಗೆ, ಹಿಂದಿನ ಸೀಲಿನ ಹತ್ತಿರ ಎಣ್ಣೆ ಇಳಿದಿದೆಯಾ ನೋಡಿ, ಬಾಕ್ಸಿನ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಗೇರ್ ಹಾಕಿದ್ದರೆ ಸಾವಿರ ಕಿಲೋಮೀಟರಿನ ಒಳಗೆ ಮೊದಲ ಎಣ್ಣೆಯನ್ನು ಇಳಿಸಿ ಬಿಡಿ, ಹೊಸ ಹಲ್ಲುಗಳ ಪುಡಿ ಅದರಲ್ಲಿ ಬಂದಿರುತ್ತದೆ. ಆಗಲೂ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ನೋಡುವುದನ್ನು ಬಿಡಬೇಡಿ. ಹಳದಿ ಮಿನುಗು ಮತ್ತೆ ಜಾಸ್ತಿ ಕಂಡರೆ ರಿಂಗ್ ಸರಿಯಾಗಿ ಕೂತಿಲ್ಲ, ಅಥವಾ ಯಾರೋ ಮತ್ತೆ ಡಿಫರೆನ್ಷಿಯಲ್ ಕ್ಯಾನಿನಿಂದಲೇ ಸುರಿದಿದ್ದಾರೆ.